ಹೋಗಲು ಐವತ್ತು, ಬರಲು ನಲವತ್ಮೂರು

ತೂಕದ ಕೋಣೆ, ವಿಮಾನ ನಿಲ್ದಾಣ
ಬುಧವಾರ, ಹದಿನೇಳನೇ ತಾರೀಖು, ಬೆಳಗ್ಗೆ ಹತ್ತೂಕಾಲು

ನನ್ನ ಗುಬ್ಬಚ್ಚಿಗೆ,

ಅಮ್ಮನ ಮುತ್ತುಗಳು. ಹೊಟ್ಟೆಯೊಳಗಿರುವ ಮರಿಯ ಪಾಲಿನವನ್ನು ಬೇರೆಯಾಗಿಯೇ ಕಳಿಸಿದ್ದೇನೆ, ಅದನ್ನೂ ನೀನೇ ಬಾಚಿಕೊಳ್ಳಬೇಡ.

ನಿನ್ನ ಪತ್ರ ಬೆಳಗಿನ ವಿಮಾನದಲ್ಲಿ ಬಂತು. ಮೀಸೆ ಕ್ಯಾಪ್ಟನ್ ಎಂದಿನ ಹಾಗೆ ಟೋಪಿಯೊಳಗಿಂದ ತೆಗೆದು ಕೊಟ್ಟರು. ಎಂದಿನ ಹಾಗೆ 'ಮಗಳು ಚೆನ್ನಾಗಿದ್ದಾಳೆ' ಅನ್ನಲಿಲ್ಲ, ಇವತ್ತು ಅವಳು ನಗಲಿಲ್ಲ ಎಂದರು. ಸಾಮಾನ್ಯವಾಗಿ ನಾಲ್ಕು ಹಾಳೆ ಬರೆಯುವವಳು ಅರ್ಧ ಹಾಳೆ ಬರೆದಿದ್ದೀಯ. ಅಳಿಯಂದಿರ ಕೆಮ್ಮಿನ ಸುದ್ದಿಯಿಲ್ಲ, ಪಕ್ಕದ ಮನೆಯ ಬೆಕ್ಕಿನ ಸುದ್ದಿಯಿಲ್ಲ. ಇರುವುದು ಇಷ್ಟೇ. ಕಳೆದ ಗುರುವಾರ ನೀನು ಮೆಟ್ಟಿಲ ಹತ್ತಿರ ಬಂದು ನಿಂತೆ. ಹದಿನಾಲ್ಕು ಜನ ಇಳಿದರು, ಅದರಲ್ಲಿ ಅಮ್ಮ ಇರಲಿಲ್ಲ. ಸಂಜೆ ನೀನು ಫೋನ್ ಮಾಡಿದಾಗ ನಾನು, ವಿಮಾನ ತುಂಬಿತ್ತು ಕಣೇ, ತೂಕ ಜಾಸ್ತಿಯಾಗಿ ನಾನೇ ಸೀಟು ಬಿಟ್ಟುಕೊಟ್ಟೆ ಎಂದೆ. ಅದಕ್ಕೆ ನೀನು ಬರೆದಿರುವ ಸಾಲನ್ನು ಬೆಳಗಿನಿಂದ ಹತ್ತು ಸಲ ಓದಿದ್ದೇನೆ: "ಅಮ್ಮ, ನೀನು ಕಳಿಸೋ ಲೋಡ್ ಸಂದೇಶ ಬಂದು ಬೀಳೋದು ನನ್ನ ಪಕ್ಕದ ಮೇಜಿನ ಮೇಲೇನೆ. ಅವತ್ತು ಐದು ಸೀಟು ಖಾಲಿ ಇತ್ತು. ಬರೋಕೆ ಇಷ್ಟ ಇಲ್ಲ ಅಂದ್ರೆ ಹೇಳಿಬಿಡು, ತೂಕದ ಮೇಲೆ ಯಾಕೆ ಹಾಕ್ತೀಯ?"

ಹೌದಲ್ಲ! ಇಲ್ಲಿಂದ ಎಷ್ಟು ಜನ, ಎಷ್ಟು ಕಿಲೋ ಹೊರಟಿತು ಎಂದು ದಿನವೂ ನಿಮ್ಮ ನಿಲ್ದಾಣಕ್ಕೆ ಸಂದೇಶ ಕಳಿಸುವವಳು ನಾನೇ. ಇಪ್ಪತ್ತಾರು ವರ್ಷದಿಂದ ಕಳಿಸುತ್ತಿದ್ದೇನೆ. ಆ ಗುರುವಾರವೂ 'ಪ್ರಯಾಣಿಕರು ಹದಿನಾಲ್ಕು' ಎಂದು ಈ ಕೈಯಿಂದಲೇ ಕಳಿಸಿ, ಸಂಜೆ ಈ ಬಾಯಿಂದಲೇ ವಿಮಾನ ತುಂಬಿತ್ತು ಎಂದೆ. ಕಳ್ಳತನ ಮಾಡಿ ಗೋಡೆಯ ಮೇಲೆ ಹೆಸರು ಬರೆದು ಬಂದ ಹಾಗಾಯಿತು. ನಗು ಬಂದರೆ ನಕ್ಕುಬಿಡು ಗುಬ್ಬಚ್ಚಿ, ಇದೊಂದು ಕಡೆ ನಗಲು ಜಾಗ ಇದೆ. ಮುಂದೆ ಅಷ್ಟೊಂದು ಇಲ್ಲ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನನ್ನ ಬುದ್ಧಿ ನಿನಗೆ ಗೊತ್ತು. ನೀನು ಆ ಕಡೆಯಿಂದ ಒಂದು 'ಹೂಂ' ಎಂದರೆ ಸಾಕು, ನಾನು ಊಟ ಆಯ್ತಾ, ಕಾಲು ಊದಿದೆಯಾ ಎಂದು ಮಾತು ಬೇರೆ ಕಡೆ ತಿರುಗಿಸಿಬಿಡುತ್ತೇನೆ. ಕಾಗದ ಹೂಂ ಅನ್ನುವುದಿಲ್ಲ. ನಿನಗೆ ಗೊತ್ತಿರುವುದನ್ನೂ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಮೊದಲಿನಿಂದ ಶುರು ಮಾಡದಿದ್ದರೆ ನಾನು ಕೊನೆ ಮುಟ್ಟುವುದಿಲ್ಲ.

ಮೊದಲು ಚಿಕ್ಕ ಸತ್ಯ. ನನಗೆ ವಿಮಾನ ಹತ್ತಲು ಭಯ.

ನಿನ್ನ ಮುಖ ಈಗ ಹೇಗಾಗಿದೆ ಎಂದು ಇಲ್ಲಿಂದಲೇ ಕಾಣುತ್ತಿದೆ. ಊರಿಗೆಲ್ಲ ನಾನು 'ತೂಕದಮ್ಮ'. ಹತ್ತೊಂಬತ್ತು ಸೀಟಿನ ಪುಟ್ಟ ವಿಮಾನ, ಒಂದೊಂದು ಕಿಲೋವೂ ಲೆಕ್ಕ. ಹತ್ತುವವರೆಲ್ಲ ಮೊದಲು ಚೀಲವನ್ನು ತೂಗಿಸಿ, ಆಮೇಲೆ ತಾವೂ ನನ್ನ ಯಂತ್ರದ ಮೇಲೆ ನಿಲ್ಲಬೇಕು. ನ್ಯಾಯಾಧೀಶರಾದರೂ ಸರಿ, ನಟಿಯಾದರೂ ಸರಿ, ಉಸಿರು ಬಿಗಿಹಿಡಿದರೂ ಮುಳ್ಳು ಮೋಸ ಮಾಡುವುದಿಲ್ಲ ಎಂದು ಗದರಿಸಿ ಇಳಿಸಿದವಳು ನಾನು. ಹೆದರಿದವರ ಬೆನ್ನು ಸವರಿ, ಐವತ್ತೇ ನಿಮಿಷ, ಒಂದು ಕೋಳಿನಿದ್ದೆ ತೆಗೆಯುವಷ್ಟರಲ್ಲಿ ಅಲ್ಲಿರುತ್ತೀರಿ ಎಂದು ಧೈರ್ಯ ಹೇಳಿ ಕಳಿಸಿದವಳೂ ನಾನೇ. ಆ ಐವತ್ತು ನಿಮಿಷ ಹೇಗಿರುತ್ತದೆ ಎಂದು ನನಗೇ ಗೊತ್ತಿಲ್ಲ.

ನಿನ್ನ ಮದುವೆಗೆ ಬಸ್ಸಿನಲ್ಲಿ ಬಂದೆನಲ್ಲ, ನನ್ನ ಅಳಿಯನನ್ನು ಕೊಟ್ಟ ರಸ್ತೆಯನ್ನು ನೋಡಬೇಕು ಎಂದೆನಲ್ಲ, ಎಲ್ಲರೂ ಎಷ್ಟು ಚೆನ್ನಾಗಿ ಮಾತಾಡುತ್ತೀರಿ ಎಂದರು. ಅದೂ ಭಯವೇ. ನೇರ ದಾರಿಯಲ್ಲಿ ಇನ್ನೂರ ಹನ್ನೆರಡು ಕಿಲೋಮೀಟರ್ ದೂರದಲ್ಲಿರುವ ಮಗಳ ಹತ್ತಿರ ಬರಲು ಬೆಟ್ಟ, ಕಣಿವೆ ಎಲ್ಲ ಸುತ್ತಿ ನಾನೂರ ಮೂವತ್ತು ಕಿಲೋಮೀಟರ್, ಹನ್ನೊಂದು ಗಂಟೆ ಕೂತು ಬಂದೆ. ಈಗ ಕಣಿವೆಯ ರಸ್ತೆ ಕುಸಿದು ಎರಡು ತಿಂಗಳಾಯಿತು. ಬಸ್ಸಿಲ್ಲ. ಇರುವುದು ವಿಮಾನ ಒಂದೇ. ಅದಕ್ಕೇ ನಿನ್ನ ಹೆರಿಗೆ ಹತ್ತಿರ ಬಂದಷ್ಟೂ ನನ್ನ ನೆಪಗಳು ಹೆಚ್ಚಾದವು. ಮೊದಲ ಸಲ ಜ್ವರ ಎಂದೆ, ಜ್ವರ ಇರಲಿಲ್ಲ. ಎರಡನೇ ಸಲ ರೋಗಿಯೊಬ್ಬರಿಗೆ ಸೀಟು ಬೇಕಾಯಿತು ಎಂದೆ. ರೋಗಿ ಇದ್ದದ್ದು ನಿಜ, ಆದರೆ ಅವರಿಗೆ ಸೀಟು ಬೇರೆಯೇ ಇತ್ತು. ಮೂರನೆಯದು ನೀನು ಹಿಡಿದದ್ದು. ಆ ಗುರುವಾರ ನಾನು ಮೆಟ್ಟಿಲು ಹತ್ತಿ ಒಳಗೆ ಒಂದು ಕಾಲಿಟ್ಟಿದ್ದೆ ಕಣೇ. ಇನ್ನೊಂದು ಕಾಲು ಬರಲೇ ಇಲ್ಲ. ಕ್ಯಾಪ್ಟನ್ ಏನೂ ಕೇಳದೆ ನನ್ನ ಚೀಲವನ್ನು ಇಳಿಸಿಕೊಟ್ಟರು.

ಬರಲು ಇಷ್ಟವಿಲ್ಲ ಎಂದು ಮಾತ್ರ ಅನ್ನಬೇಡ. ಬೇರೆ ಏನು ಬೇಕಾದರೂ ಅನ್ನು. ನೀನು ಬಸುರಿ ಎಂದು ನಿನ್ನ ಗಂಡನಿಗಿಂತ ಮೊದಲು ಗೊತ್ತಾದದ್ದು ನನಗೆ. ಆ ಸಲ ಬಂದು ವಾಪಸು ಹೊರಟಾಗ ಯಂತ್ರದ ಮೇಲೆ ನಿಂತೆಯಲ್ಲ, ಯಾವಾಗಲೂ ನಲವತ್ತೆಂಟಕ್ಕೆ ನಿಲ್ಲುವ ಮುಳ್ಳು ಐವತ್ತಕ್ಕೆ ಹೋಯಿತು. ಬೆಳಗ್ಗೆ ಚಹಾ ಮುಂದಿಟ್ಟರೆ ಮುಖ ತಿರುಗಿಸಿದ್ದೆ. ಎರಡೂ ಸೇರಿಸಿ ಕೂಡಿಸಿದೆ, ಉತ್ತರ ಬಂತು. ನೀನೇ ಹೇಳಲಿ ಎಂದು ಹದಿನೆಂಟು ದಿನ ಬಾಯಿ ಬಿಗಿದುಕೊಂಡಿದ್ದೆ. ನನ್ನಂಥವಳಿಗೆ ಹದಿನೆಂಟು ದಿನ ಎಂದರೆ ಎಷ್ಟು ಕಷ್ಟ ಎಂದು ನೀನೇ ಯೋಚಿಸು. ನೀನು ಹೋದ ಮೇಲೆ ಯಂತ್ರದ ಮುಳ್ಳು ಸೊನ್ನೆಗೆ ಬಂತು. ನಾನು ಮುಂದಿನವರನ್ನು ಕರೆಯುವುದನ್ನೇ ಮರೆತು ನಿಂತಿದ್ದೆ.

ಇನ್ನು ದೊಡ್ಡ ಸತ್ಯ. ಇದನ್ನು ಬರೆಯುವ ಮೊದಲು ಎದ್ದು ಹೋಗಿ ನೀರು ಕುಡಿದು ಬಂದೆ.

ನನಗೆ ಮೊದಲಿನಿಂದ ಈ ಭಯ ಇರಲಿಲ್ಲ. ಹತ್ತುವ ಸಂದರ್ಭ ಬಂದಿರಲಿಲ್ಲ, ಅಷ್ಟೇ. ಭಯ ಶುರುವಾದದ್ದು ಐದು ವರ್ಷದ ಹಿಂದೆ, ನಿನ್ನ ಸಂದರ್ಶನದ ದಿನ. ನಿನಗೆ ಆ ದಿನ ನೆನಪಿದೆ. ನೆನಪಿರುವುದೇನು, ಮನೆಗೆ ಬಂದವರಿಗೆಲ್ಲ ಕಥೆ ಕಟ್ಟಿ ಹೇಳುತ್ತೀಯ. ಹನ್ನೊಂದು ಗಂಟೆಗೆ ಅಲ್ಲಿ ಸಂದರ್ಶನ, ಏಳೂವರೆಗೆ ಇಲ್ಲಿಂದ ವಿಮಾನ, ಅಷ್ಟರಲ್ಲಿ ಟಪಾಲು ಚೀಲದಿಂದ ತೂಕ ಜಾಸ್ತಿಯಾಯಿತು, ಎಲ್ಲರಿಗಿಂತ ಕೊನೆಯಲ್ಲಿ ಟಿಕೆಟ್ ಮಾಡಿಸಿದವಳು ನೀನಾದ್ದರಿಂದ ನೀನೇ ಇಳಿಯಬೇಕಾಯಿತು. ಬಸ್ಸು ಹಿಡಿದೆ. ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಒಂದು ಭಾರವಾದ ಮರದ ಪೆಟ್ಟಿಗೆ, ಅದರ ಪಕ್ಕ ಅದರಷ್ಟೇ ಗಂಭೀರವಾದ ಮನುಷ್ಯ. ತೂಕ ಅಳತೆ ಇಲಾಖೆಯವರು. ನಮ್ಮೂರಿನ ತಕ್ಕಡಿಗಳನ್ನೆಲ್ಲ ಪರೀಕ್ಷಿಸಿ, ಹಿಂದಿನ ದಿನ ತಾನೆ ನನ್ನ ಯಂತ್ರಕ್ಕೂ ಸರಿಯಿದೆ ಎಂದು ಮುದ್ರೆ ಹಾಕಿ ಹೊರಟವರು. ಪೆಟ್ಟಿಗೆಯಲ್ಲಿದ್ದದ್ದು ಪರೀಕ್ಷೆಯ ತೂಕದ ಕಲ್ಲುಗಳು. ಅಷ್ಟು ಭಾರವನ್ನು ವಿಮಾನಕ್ಕೆ ಹಾಕಲಾಗದು ಎಂದು ನಾನೇ ಅವರನ್ನು ಬಸ್ಸಿಗೆ ಅಟ್ಟಿದ್ದೆ. ಹನ್ನೊಂದು ಗಂಟೆ ಜೊತೆಯಲ್ಲಿ ಕೂತವರು ಕೊನೆಗೆ ಜೀವನವಿಡೀ ಜೊತೆಯಲ್ಲಿ ಕೂರುವುದೆಂದು ತೀರ್ಮಾನಿಸಿದಿರಿ. ಕಥೆಯ ಕೊನೆಗೆ ನೀನು ಪ್ರತಿ ಸಲ ಹೇಳುತ್ತೀಯ, ಆ ಟಪಾಲು ಚೀಲ ನೂರು ವರ್ಷ ಬಾಳಲಿ ಎಂದು. ಎಲ್ಲರೂ ನಗುತ್ತಾರೆ. ಆಗ ನಾನು ಎದ್ದು ಅಡುಗೆಮನೆಗೆ ಹೋಗುತ್ತೇನೆ. ನೀನು ಗಮನಿಸಿದ್ದೀಯೋ ಇಲ್ಲವೋ.

ಟಪಾಲು ಚೀಲ ಭಾರವಾಗಿರಲಿಲ್ಲ, ಗುಬ್ಬಚ್ಚಿ. ಇಪ್ಪತ್ತೆರಡು ಕಿಲೋ ಇತ್ತು. ನಾನು ನಲವತ್ತೆರಡು ಎಂದು ಬರೆದೆ.

ಒಂದೇ ಅಂಕಿ. ಎರಡನ್ನು ನಾಲ್ಕು ಮಾಡಿದೆ. ಎಲ್ಲರನ್ನೂ ತೂಗಿ ಆಗಿತ್ತು, ಕೂಡಿಸಿದರೆ ಮಿತಿಗಿಂತ ಆರು ಕಿಲೋ ಕಡಿಮೆಯೇ ಇತ್ತು. ನೀನು ಆರಾಮಾಗಿ ಹೋಗಬಹುದಿತ್ತು. ವಿಮಾನದ ಲೆಕ್ಕದ ಹಾಳೆಯ ಮೇಲೆ ಪೆನ್ನು ಇಟ್ಟಾಗ ನೀನು ಕಿಟಕಿಯಾಚೆ ನಿಂತು ಕೂದಲು ಸರಿಮಾಡಿಕೊಳ್ಳುತ್ತಿದ್ದೆ. ಹೊಸ ಕೋಟು. ನಿನ್ನ ಅಪ್ಪ ಹೋದ ಮೇಲೆ ಎಂಟು ವರ್ಷ ಆ ಮನೆಯಲ್ಲಿ ನಾವಿಬ್ಬರೇ. ನಾಳೆಯಿಂದ ಒಂದು ಲೋಟ ಚಹಾ ಮಾಡಿಕೊಳ್ಳಬೇಕು, ಒಂದೇ ಲೋಟ, ಎಂಬ ಯೋಚನೆ ಬಂತು. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಏನಾದರೂ ಇದ್ದರೆ ಹೇಳುತ್ತಿದ್ದೆ. ಇಲ್ಲ. ಸಂದರ್ಶನ ತಪ್ಪಿಹೋಗಲಿ, ನೀನು ನನ್ನ ಹತ್ತಿರವೇ ಉಳಿಯಲಿ ಎಂಬ ಸ್ವಾರ್ಥ. ಬೇಲಿಯೇ ಎದ್ದು ಹೊಲ ಮೇಯ್ದಿತು.

ಆಮೇಲೆ ನೀನು ಮಾಡಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಹದಿನಾಲ್ಕು ಕಿಲೋ ಜಾಸ್ತಿ ಎಂದೆ ನಾನು. ನೀನು ಹನ್ನೊಂದು ಕಿಲೋದ ನಿನ್ನ ಚೀಲವನ್ನು ತಳ್ಳಿ, ಇದು ಇಲ್ಲೇ ಇರಲಿ ಎಂದೆ. ಇನ್ನೂ ಮೂರು ಕಿಲೋ ಜಾಸ್ತಿ ಎಂದೆ ನಾನು. ನೀನು ಬೂಟು ಬಿಚ್ಚಿದೆ. ಕೋಟು ಬಿಚ್ಚಿದೆ. ಕೊನೆಗೆ ಕೈಗಡಿಯಾರವನ್ನೂ ಬಿಚ್ಚಿಟ್ಟೆ. ಸರ್ಟಿಫಿಕೇಟುಗಳನ್ನು ಎದೆಗವಚಿಕೊಂಡು, ಕಾಲುಚೀಲದಲ್ಲಿ, ಮತ್ತೆ ಯಂತ್ರದ ಮೇಲೆ ನಿಂತೆ. ಎರಡು ಕಿಲೋ ಇಳಿದಿತ್ತು. "ಇನ್ನೊಂದೇ ಕಿಲೋ ಅಲ್ವಾ ಅಮ್ಮ, ಏನಾದ್ರೂ ಮಾಡು" ಎಂದೆ. ಹಿಂದೆ ನಿಂತಿದ್ದ ಮೇಷ್ಟ್ರೊಬ್ಬರು ತಮ್ಮ ಪುಸ್ತಕದ ಚೀಲವನ್ನು ಬಿಟ್ಟುಹೋಗುತ್ತೇನೆ ಎಂದು ಮುಂದೆ ಬಂದರು. ಹೊತ್ತಾಯಿತು, ಈಗ ಹಾಳೆ ಬದಲಿಸಲಾಗದು ಎಂದು ನಾನೇ ಈ ಕೋಣೆಯ ಬಾಗಿಲು ಮುಚ್ಚಿಸಿದೆ. ಇಲ್ಲವೇ ಇಲ್ಲದ ಒಂದು ಕಿಲೋಗಾಗಿ ನಾನು ನಿನ್ನನ್ನು ಬರಿಗಾಲಲ್ಲಿ ನಿಲ್ಲಿಸಿದ್ದೆ.

ಇದರಿಂದ ನಿನಗೆ ಗಂಡ ಸಿಕ್ಕಿದ್ದು ನಿಜ, ಬಂಗಾರದಂಥವನು ಸಿಕ್ಕಿದ್ದೂ ನಿಜ. ಅದು ನನ್ನ ಪುಣ್ಯವಲ್ಲ, ನಿನ್ನದು. ನೀನು ಕಳೆದುಕೊಂಡದ್ದನ್ನು ಮಾತ್ರ ನನ್ನ ಖಾತೆಗೇ ಬರೆಯಬೇಕು. ಹವಾಮಾನ ಮುನ್ಸೂಚನೆ ವಿಭಾಗದ ಹುದ್ದೆ ಆ ದಿನ ಹನ್ನೊಂದು ಗಂಟೆಗೆ ಬಂದವರಿಗೆ ಹೋಯಿತು. ನೀನು ಮಾರನೆ ದಿನ ಕಚೇರಿಯ ಬಾಗಿಲಲ್ಲಿ ಕೂತು, ಹಟ ಹಿಡಿದು, ವೀಕ್ಷಕಿಯ ಕೆಲಸ ಗಿಟ್ಟಿಸಿಕೊಂಡೆ. ಐದು ವರ್ಷದಿಂದ ನಸುಕಿನಲ್ಲೆದ್ದು ಬಲೂನು ಹಾರಿಸುತ್ತೀಯ, ಮೇಲಿನ ಗಾಳಿ ಅಳೆಯುತ್ತೀಯ, ನಿನಗಿಂತ ಕಡಿಮೆ ಕಲಿತವರು ಅದನ್ನು ನೋಡಿ ಮಳೆ ಬರುತ್ತದೋ ಇಲ್ಲವೋ ಹೇಳುತ್ತಾರೆ. ಒಂದು ದಿನವಾದರೂ ಗೊಣಗಿದ್ದೀಯಾ? ಇಲ್ಲ. ಗೊಣಗಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲವೋ ಏನೋ.

ಈಗ ಭಯದ ವಿಚಾರ. ಅವತ್ತು ನಿನ್ನನ್ನು ಇಳಿಸಿದ ಮೇಲೆ ವಿಮಾನ ಹೊರಟಿತು. ಸುಳ್ಳು ಹಾಳೆಯೊಂದಿಗೆ, ಏನೂ ಆಗದ ಹಾಗೆ, ನೆಟ್ಟಗೆ ಹೋಯಿತು. ಅಲ್ಲಿಯವರೆಗೆ ನನಗೊಂದು ನಂಬಿಕೆಯಿತ್ತು. ಅಂಕಿಗಳು ಸರಿಯಿರುವುದರಿಂದಲೇ ಅಷ್ಟು ಭಾರದ ಕಬ್ಬಿಣ ಗಾಳಿಯಲ್ಲಿ ನಿಲ್ಲುತ್ತದೆ ಎಂದು. ಆ ಹಾಳೆಯ ಮೇಲೆ ತೂಕ ನಾನು ಬರೆಯುತ್ತೇನೆ, ಇಂಧನವನ್ನು ಇಂಧನದವರು, ಯಂತ್ರವನ್ನು ಮೆಕ್ಯಾನಿಕ್, ಗಾಳಿಯನ್ನು ಹವಾಮಾನದವರು. ಆಗಲೇ ಇಪ್ಪತ್ತೊಂದು ವರ್ಷ ತೂಗಿದ್ದ ತೂಕದಮ್ಮ, ಯಾರಿಗೂ ಅನುಮಾನ ಬಾರದ ತೂಕದಮ್ಮ, ಒಂದು ಲೋಟ ಚಹಾಕ್ಕಾಗಿ ಸುಳ್ಳು ಬರೆಯಬಹುದಾದರೆ, ಉಳಿದವರ ಮನೆಯಲ್ಲೂ ಏನೇನು ಇರಬಹುದು? ಆ ದಿನ ಮೆಕ್ಯಾನಿಕ್ ಹೆಂಡತಿಯ ಜೊತೆ ಜಗಳವಾಡಿ ಬಂದಿದ್ದರೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನು ಒಬ್ಬ, ನಾನು ಊರವರ ಹೆಗಲನ್ನೆಲ್ಲ ಮುಟ್ಟಿ ನೋಡತೊಡಗಿದೆ. ಆವತ್ತಿನಿಂದ ಬೇರೆಯವರನ್ನು ಹತ್ತಿಸುವುದೂ ನನಗೆ ಹಗುರವಾದ ಕೆಲಸವಲ್ಲ. ನೀನು ಹತ್ತಿದ ದಿನವಂತೂ ನಿಮ್ಮ ಕಡೆಯಿಂದ 'ಇಳಿಯಿತು' ಎಂಬ ಸಂದೇಶ ಬರುವ ತನಕ ನಾನು ಕುರ್ಚಿಯಲ್ಲಿ ಕೂತಿರುವುದಿಲ್ಲ.

ಒಂದು ಮಾತು ಮಾತ್ರ ನಂಬು. ನಾನು ಬರೆದದ್ದು ಜಾಸ್ತಿ, ಕಡಿಮೆಯಲ್ಲ. ಹಾರುವವರಿಗೆ ಅಪಾಯವಾಗುವಂಥ ಸುಳ್ಳನ್ನು ನನ್ನ ಕೈ ಬರೆಯುತ್ತಿರಲಿಲ್ಲ. ಇದನ್ನು ನನ್ನ ಪರ ವಾದ ಎಂದುಕೊಳ್ಳಬೇಡ, ನಿನ್ನ ನೆಮ್ಮದಿಗೆ ಹೇಳಿದ್ದು.

ಇದೆಲ್ಲ ಇವತ್ತೇ ಯಾಕೆ ಬರೆಯುತ್ತಿದ್ದೇನೆ ಎಂದರೆ, ಬೆಳಗ್ಗೆ ನಿನ್ನ ಪತ್ರ ಓದುವಾಗ ಮೀಸೆ ಕ್ಯಾಪ್ಟನ್ ಹೋಗದೆ ಅಲ್ಲೇ ನಿಂತಿದ್ದರು. ನನ್ನ ಮುಖ ನೋಡಿ ಕುರ್ಚಿ ಎಳೆದುಕೊಂಡು ಕೂತರು. ಅವರು ಈ ಕೋಣೆಯಲ್ಲಿ ಕೂತದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಟೋಪಿ ತಿರುಗಿಸುತ್ತ ಹೇಳಿದರು: "ಅವತ್ತಿನ ಟಪಾಲು ಚೀಲ ನಾನೇ ಎತ್ತಿ ಒಳಗಿಟ್ಟಿದ್ದು ಕಣಮ್ಮ. ನಲವತ್ತೆರಡು ಕಿಲೋನ ನಾನು ಒಂದೇ ಕೈಯಲ್ಲಿ ಎತ್ತೋನಲ್ಲ."

ಗೊತ್ತಿದ್ದೂ ಹಾಳೆಗೆ ರುಜು ಯಾಕೆ ಹಾಕಿದಿರಿ ಎಂದು ಕೇಳಿದೆ. ಜಾಸ್ತಿ ಬರೆದಿದ್ದರಿಂದ ವಿಮಾನಕ್ಕೆ ತೊಂದರೆಯಿರಲಿಲ್ಲ, ಚೀಲ ಕೈಗೆ ಬರುವಷ್ಟರಲ್ಲಿ ನಿಮ್ಮ ಕೋಣೆಯ ಬಾಗಿಲು ಮುಚ್ಚಿತ್ತು, ಮಗಳು ಬಸ್‌ ನಿಲ್ದಾಣದ ಕಡೆ ಓಡಿಯಾಗಿತ್ತು ಎಂದರು. ಮಾರನೆ ದಿನವೋ, ಅದರ ಮಾರನೆ ದಿನವೋ ನಾನೇ ಹೇಳುತ್ತೇನೆಂದು ಕಾದರಂತೆ. ಐದು ವರ್ಷ ಕಾದಿದ್ದಾರೆ, ಪುಣ್ಯಾತ್ಮ. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ನನಗೆ ಹೇಳಿ ಏನು ಬಂತು, ಹೇಳಬೇಕಾದ್ದು ಅವಳಿಗೆ. ನಾಳೆ ಒಂದಿನ ಬಿಟ್ರೆ ಅವಳ ರಜೆ ಶುರು" ಎಂದರು.

ನಾಳೆ ಗುರುವಾರ. ಶುಕ್ರವಾರದಿಂದ ನಿನ್ನ ಹೆರಿಗೆ ರಜೆ. ಇದನ್ನು ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟದ್ದು ಬೇರೆ ಕಾರಣಕ್ಕೆ. ಹೇಳಿದರೆ ನಗುತ್ತೀಯ.

ನೀನು ಆರು ವರ್ಷದವಳಿದ್ದಾಗ ಈ ಕೋಣೆಯಲ್ಲಿ, ಇದೇ ಮೇಜಿನ ಕೆಳಗೆ ಕೂತು ಬಣ್ಣ ಹಚ್ಚುತ್ತಿದ್ದೆ. ಗೋಡೆಯ ಹಲಗೆಯ ಮೇಲೆ ಬರೆದಿರುತ್ತಿತ್ತು, ಹೋಗಲು ಐವತ್ತು ನಿಮಿಷ, ಬರಲು ನಲವತ್ಮೂರು. ಹೋಗುವ ದಾರಿಯೂ ಬರುವ ದಾರಿಯೂ ಒಂದೇ ಅಲ್ಲವಾ, ಏಳು ನಿಮಿಷ ಯಾರು ತಿಂದರು ಎಂದು ಕೇಳಿದ್ದೆ. ನನಗೆ ಸರಿಯಾಗಿ ಗೊತ್ತಿರಲಿಲ್ಲ. ಮನೆ ಬಿಟ್ಟು ಹೋಗುವಾಗ ಯಾರಿಗೂ ಮನಸ್ಸಿರುವುದಿಲ್ಲ, ನಿಧಾನ ಆಗುತ್ತದೆ, ಮನೆಗೆ ಬರುವಾಗ ಅವಸರ ಎಂದಿದ್ದೆ. ನೀನು ನಂಬಿದೆ, ಶಾಲೆಯಲ್ಲೂ ಹೇಳಿ ನಗೆಪಾಟಲಾದೆ. ಮನೆಗೆ ಬಂದು, ಗಾಳಿಯಂತೆ ಅಮ್ಮ, ಹೋಗುವಾಗ ಎದುರು ಗಾಳಿ, ಬರುವಾಗ ಬೆನ್ನ ಗಾಳಿ ಎಂದು ನನ್ನ ಮೇಲೆ ರೇಗಿದ್ದೆ. ಗಾಳಿಯ ಹುಚ್ಚು ನಿನಗೆ ಹಿಡಿದದ್ದು ಅವತ್ತೇ ಇರಬೇಕು.

ಐದು ವರ್ಷದಿಂದ ನನ್ನ ದಿನ ಶುರುವಾಗುವುದು ನಿನ್ನ ಗಾಳಿಯಿಂದ. ಆರೂವರೆಗೆ ನಿಮ್ಮ ಕಡೆಯಿಂದ ಅಂಕಿ ಬರುತ್ತದೆ. ಗಾಳಿ ಜಾಸ್ತಿಯಿದ್ದರೆ ಇಂಧನ ಜಾಸ್ತಿ ತುಂಬಬೇಕು, ಇಂಧನ ಜಾಸ್ತಿಯಾದರೆ ಜನ ಕಡಿಮೆ. ನೀನು ಬರೆದ ಗಾಳಿ ನೋಡಿ ನಾನು ಕಿಲೋ ಲೆಕ್ಕ ಹಾಕುತ್ತೇನೆ. ಗಾಳಿ ಹದಿನೆಂಟು ಎಂದು ಬಂದರೆ ಮಗಳು ಎದ್ದಿದ್ದಾಳೆ, ಕೆಲಸಕ್ಕೆ ಬಂದಿದ್ದಾಳೆ, ಇವತ್ತು ಅವಳ ಊರಿನಲ್ಲಿ ಬಟ್ಟೆ ಬೇಗ ಒಣಗುತ್ತದೆ ಎಂದುಕೊಳ್ಳುತ್ತೇನೆ. ನಿನಗೆ ಒಮ್ಮೆ ನೂರಾ ಎರಡು ಜ್ವರವಿದ್ದಾಗಲೂ ಬಲೂನು ಸರಿಯಾಗಿ ಕಾಣಲಿಲ್ಲವೆಂದು ಎರಡನೆಯದನ್ನು ಹಾರಿಸಿ ಅಳೆದೆ. ಆ ದಿನ ವಿಮಾನ ಇಪ್ಪತ್ತು ನಿಮಿಷ ತಡ, ಜನ ನಿನ್ನನ್ನು ಬೈದರು. ನಾನು ಒಳಗೊಳಗೇ ಉಬ್ಬಿಹೋದೆ. ತಾಯಿಯಂತೆ ಮಗಳು ಅನ್ನುತ್ತಾರೆ, ನಮ್ಮ ಮನೆಯಲ್ಲಿ ಮಾತ್ರ ಹಾಗಾಗಲಿಲ್ಲ, ದೇವರು ದೊಡ್ಡವನು.

ಆ ಹಾಳೆಯಲ್ಲಿ ನಾನು ಕಣ್ಣು ಮುಚ್ಚಿ ನಂಬುವ ಅಂಕಿ ಇರುವುದು ಒಂದೇ. ನಾಳೆಯದು ನಿನ್ನ ಕೊನೆಯ ಗಾಳಿ. ಶುಕ್ರವಾರದಿಂದ ಯಾರೋ ಬರೆಯುತ್ತಾರೆ. ಪಾಪ, ಅವರೂ ಒಳ್ಳೆಯವರೇ ಇರುತ್ತಾರೆ, ಆದರೆ ಅವರ ಅಮ್ಮ ನಾನಲ್ಲ.

ನಾಳೆ ಏನು ಮಾಡುತ್ತೇನೆ ಎಂದು ನನಗೇ ಗೊತ್ತಿಲ್ಲ ಕಣೇ. ಮಾತು ಕೊಡುವುದಿಲ್ಲ. ಕೊಟ್ಟ ಮಾತುಗಳೇ ಮೂರು ಬಾಕಿ ಇವೆ. ಬರುತ್ತೇನೆಂದು ಆಸೆ ಹುಟ್ಟಿಸಿ, ಆ ಹೊಟ್ಟೆ ಹೊತ್ತ ನಿನ್ನನ್ನು ಮತ್ತೆ ಮೆಟ್ಟಿಲ ಹತ್ತಿರ ನಿಲ್ಲಿಸಲಾರೆ. ಇಷ್ಟಕ್ಕೂ ಇದನ್ನೆಲ್ಲ ಓದಿದ ಮೇಲೆ ನಾನು ಬರುವುದು ನಿನಗೇ ಬೇಡವಾಗಬಹುದು. ಹಾಗಾದರೆ ಅದು ನ್ಯಾಯವೇ. ಕೋಪ ಬಂದರೆ ಪೂರ್ತಿ ಕೋಪ ಮಾಡಿಕೋ, ಅರ್ಧ ನುಂಗಿಕೊಳ್ಳಬೇಡ, ಈಗ ನುಂಗಿದ್ದೆಲ್ಲ ಮಗುವಿಗೆ ಹೋಗುತ್ತದೆ. ಅಳಿಯಂದಿರಿಗೆ ನೀನೇ ಹೇಳು. ಅವರು ಮುದ್ರೆ ಹಾಕಿ ಒಂದು ದಿನವೂ ಆಗಿರಲಿಲ್ಲ, ನಿನಗಿಂತ ಅವರಿಗೆ ಮುಖ ತೋರಿಸಲು ನನಗೆ ಹೆಚ್ಚು ನಾಚಿಕೆ. ಯಂತ್ರದ್ದು ತಪ್ಪಿರಲಿಲ್ಲ ಎಂದು ಮಾತ್ರ ಸೇರಿಸಿ ಹೇಳು. ಆ ಯಂತ್ರ ಒಂದು ದಿನವೂ ಸುಳ್ಳು ಹೇಳಿಲ್ಲ.

ಕ್ಷಮಿಸು ಎಂದು ಬರೆದು ಎರಡು ಸಲ ಹೊಡೆದುಹಾಕಿದೆ. ಅಷ್ಟು ಸಣ್ಣ ಪದ ಈ ಕೆಲಸಕ್ಕೆ ಸಾಲದು ಅನಿಸಿತು. ಆದರೆ ಬೇರೆ ಪದ ಇಲ್ಲ. ಕ್ಷಮಿಸು, ಮಗಳೇ.

ಎಡ ಮಗ್ಗುಲಲ್ಲಿ ಮಲಗು. ಕಾಲು ಮೇಲಿಟ್ಟುಕೊ. ಇನ್ನು ಬಲೂನು ಬೇರೆಯವರು ಹಾರಿಸಲಿ, ನೀನು ಬರೀ ನೋಡು.

ನಿನ್ನನ್ನು ಒಂದು ದಿನ ಹೆಚ್ಚು ಇಟ್ಟುಕೊಳ್ಳಲು ಹೋಗಿ ಐದು ವರ್ಷ ನಿನ್ನಿಂದ ದೂರ ಕೂತ,
ಅಮ್ಮ

ತಾಜಾಕಲಂ: ಗುರುವಾರ, ಏಳು ಐವತ್ತೇಳು. ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಅಂಕುಡೊಂಕಾಗಿರುವುದು ವಯಸ್ಸಿನಿಂದಲ್ಲ, ಮೋಡದಿಂದ. ಹೊರಟು ಇಪ್ಪತ್ತೇಳು ನಿಮಿಷವಾಯಿತು, ಇನ್ನೂ ಇಪ್ಪತ್ಮೂರು. ಬೆಳಗ್ಗೆ ನಿನ್ನ ಗಾಳಿ ಬಂತು, ಹದಿನಾಲ್ಕು. ಎಲ್ಲರನ್ನೂ ತೂಗಿ ಮುಗಿಸಿ ಕೊನೆಗೆ ನಾನೇ ಯಂತ್ರ ಹತ್ತಿದೆ. ಟಿಕೆಟ್ ಕಿಟಕಿಯ ಗೆಳತಿ ಎಲ್ಲರಿಗೂ ಕೇಳುವ ಹಾಗೆ ಅರವತ್ತೇಳು ಎಂದು ಕೂಗಿದಳು. ನಿನಗೆ ಅರವತ್ತು ಅಂತ ಹೇಳಿದ್ದೆನಲ್ಲ, ಅದೂ ಸುಳ್ಳೇ. ಹಾಳೆಯಲ್ಲಿ ಅರವತ್ತೇಳೇ ಬರೆದಿದ್ದೇನೆ. ಎರಡನೇ ಕಾಲು ಒಳಗಿಡುವಾಗ ಹದಿನಾಲ್ಕು, ಹದಿನಾಲ್ಕು ಎಂದು ನಿನ್ನ ಅಂಕಿಯನ್ನೇ ಹೇಳಿಕೊಂಡೆ. ಕಾಲು ಬಂತು.

ಎಲ್ಲರೂ ಇಳಿದ ಮೇಲೆ ಕ್ಯಾಪ್ಟನ್ ಈ ಪತ್ರ ತಂದು ಕೊಡುತ್ತಾರೆ. ನೀನು ಇದನ್ನು ಓದುವಾಗ ನಾನು ಒಳಗೆ ಮೊದಲ ಸಾಲಿನಲ್ಲೇ ಕೂತಿರುತ್ತೇನೆ. ವಾಪಸು ಹೊರಡಲು ನಲವತ್ತು ನಿಮಿಷ ಇದೆ, ನಿಧಾನವಾಗಿ ಓದು. ಇಳಿಸಿಕೊಳ್ಳುವುದೂ ವಾಪಸು ಕಳಿಸುವುದೂ ನಿನ್ನ ಇಷ್ಟ. ಚೀಲವನ್ನಂತೂ ಇಳಿಸಿಕೊ, ಅದರಲ್ಲಿರುವುದೆಲ್ಲ ಮರಿಯ ಬಟ್ಟೆ. ಲೋಡ್ ಸಂದೇಶ ಇಷ್ಟರಲ್ಲಿ ನಿನ್ನ ಪಕ್ಕದ ಮೇಜಿಗೆ ಬಂದಿರಬೇಕು, ಪ್ರಯಾಣಿಕರು ಹದಿನೈದು ಎಂದು. ಮೆಟ್ಟಿಲ ಹತ್ತಿರ ನಿಂತು ಎಣಿಸುತ್ತೀಯಲ್ಲ, ಇವತ್ತು ಹದಿನಾಲ್ಕಕ್ಕೇ ನಿಲ್ಲಿಸಬೇಡ.